ಕಸುಬಿನ ಬುದ್ಧಿಗೂ ಇಜಾರೆಯೇ?

ಬಂಡ್ರಿಯ ಚಹದಂಗಡಿಯಲ್ಲಿ ಕೂತವನ ಕೈಯ ಮೊಬೈಲಿನಲ್ಲಿ ಚಿತ್ರ ಓಡುತ್ತದೆ. ಅದರ ಗುಟ್ಟು ಇಷ್ಟೇ: ಹಿಂದೆ ಗುಡ್ಡ ನಿಂತಿದೆ, ಮುಂದೆ ಅದಿರಿನ ಲಾರಿ ಸಾಗಿದೆ ಎನ್ನಿ. ಗುಡ್ಡವನ್ನು ಕ್ಷಣಕ್ಷಣವೂ ಹೊಸದಾಗಿ ಕಳಿಸಬೇಕಿಲ್ಲ. ಬದಲಾದಷ್ಟನ್ನು ಕಳಿಸಿದರೆ ಸಾಕು. ಇದೇ ವಿಡಿಯೋ ಸಂಕೋಚನ. ಈ ವಿದ್ಯೆಯ ಒಂದೊಂದು ಮೆಟ್ಟಿಲಿಗೂ ಪೇಟೆಂಟು, ಪೇಟೆಂಟಿಗೆ ರಾಯಲ್ಟಿ. ಕೊನೆಗೆ ಆ ಭಾರ ಬೀಳುವುದು ಮೊಬೈಲು ಕೊಳ್ಳುವವನ ಜೇಬಿನ ಮೇಲೆ.

ನಿಜವಾದ ಹೊಸ ಶೋಧಕ್ಕೆ ಪ್ರತಿಫಲ ಸಲ್ಲಲಿ, ನಮ್ಮ ತಕರಾರಿಲ್ಲ. ಆದರೆ ಹಳೆಯ ಎರಡು ಉಪಾಯಗಳನ್ನು ಜೋಡಿಸಿ 20 ವರ್ಷಗಳ ಇಜಾರೆ ಕೇಳುವುದು ಯಾವ ನ್ಯಾಯ? ಕಸುಬು ಬಲ್ಲವನಿಗೆ ತಾನಾಗಿ ಹೊಳೆಯುವಂಥದ್ದಕ್ಕೆ ಪೇಟೆಂಟಿಲ್ಲ ಎನ್ನುತ್ತದೆ ಕಾನೂನು. ಜಗಳವೆಲ್ಲ ಈ ಅಳತೆಗೋಲಿನದೇ.

ಅಮೆರಿಕದಲ್ಲಿ ಡಿವ್‌ಎಕ್ಸ್ ಕಂಪನಿಯ ವಿಡಿಯೋ ಪೇಟೆಂಟಿನ ವಿರುದ್ಧ ನೆಟ್‌ಫ್ಲಿಕ್ಸ್ ಮೇಲ್ಮನವಿ ಹೂಡಿತ್ತು. ಕ್ಯಾಮೆರಾದ ಚಿತ್ರ ಸಂಕೋಚನದ ಹಳೆಯ ದಾಖಲೆಯೊಂದನ್ನು ಈ ಅಳತೆಗೆ ಲೆಕ್ಕಕ್ಕೆ ಹಿಡಿಯಬಹುದೇ ಎಂಬುದು ಅಲ್ಲಿನ ಪ್ರಶ್ನೆ. ಒಂದು ಅಂಶವನ್ನು ಮತ್ತೆ ಪರಿಶೀಲಿಸುವಂತೆ 2023ರಲ್ಲಿ ನ್ಯಾಯಾಲಯ ಪೇಟೆಂಟ್ ಮಂಡಳಿಗೆ ಹೇಳಿತು. ಅದು ಧನಿಕರಿಬ್ಬರ ಕಾಳಗ, ನಮಗೇನು ಎನ್ನಬೇಡಿ.

ನಮ್ಮ ದೇಶದಲ್ಲಿ ಈ ಅಳತೆಗೋಲನ್ನು ಗಟ್ಟಿಯಾಗಿ ನಿಲ್ಲಿಸಿದ್ದು ಪಾತ್ರೆ ತಯಾರಿಕೆಯ ಮೊಕದ್ದಮೆ! ಲೇತಿನ ಮೇಲೆ ಹೊಳಪು ಕೊಡುವಾಗ ಪಾತ್ರೆ ಸಿಡಿದು ಹಾರುತ್ತಿತ್ತು, ಕೆಲಸಗಾರನಿಗೆ ಅಪಾಯ. ಪಾತ್ರೆಯನ್ನು ಬಿಗಿಹಿಡಿಯುವ ಉಪಾಯಕ್ಕೆ ಹಿಂದೂಸ್ತಾನ್ ಮೆಟಲ್ ಇಂಡಸ್ಟ್ರೀಸ್ 1951ರಿಂದ ಜಾರಿಗೆ ಬರುವಂತೆ ಪೇಟೆಂಟ್ ಪಡೆದಿತ್ತು. ಹೈಕೋರ್ಟಿನ ಒಬ್ಬ ನ್ಯಾಯಮೂರ್ತಿ ಅದನ್ನು ರದ್ದುಮಾಡಿದರು. ಮೇಲ್ಮನವಿಯಲ್ಲಿ ಅದು ಮತ್ತೆ ಜೀವ ಪಡೆಯಿತು. 1978ರಲ್ಲಿ ಸುಪ್ರೀಂ ಕೋರ್ಟು ಕೊನೆಯ ಮಾತು ಹೇಳಿತು: ಇದು ಕಾರ್ಖಾನೆಯ ಮಾಮೂಲು ಸುಧಾರಣೆ, ಶೋಧವಲ್ಲ.

ಈ ಮಾತಿನ ತಿರುಳೇನು? ಹೊಸಪೇಟೆಯ ಲೇತ್ ಕೆಲಸಗಾರನ ಕೈಚಳಕ, ಮಿಲ್ಲಿನ ಫಿಟ್ಟರನ ಅನುಭವ ಎಲ್ಲರ ಸೊತ್ತು. ಅದಕ್ಕೆ ಬೇಲಿ ಹಾಕುವ ಹಕ್ಕು ಯಾವ ಧಣಿಗೂ ಇಲ್ಲ. ಪಾತ್ರೆಗೆ ಸಂದ ನ್ಯಾಯ ವಿಡಿಯೋಗೂ ಸಲ್ಲಬೇಕು. ಗಣಿತದ ಸೂತ್ರ ಕಂಡು ಬೆದರಿ ಅಳತೆಗೋಲನ್ನು ಗಿಡ್ಡ ಮಾಡಬಾರದು.

ಪೇಟೆಂಟ್ ಕೊಡುವ ಮೊದಲೇ ಯಾರು ಬೇಕಾದರೂ ತಕರಾರು ಸಲ್ಲಿಸಬಹುದೆಂದು 1970ರ ಕಾಯಿದೆಯ 25ನೇ ಕಲಮು ಹೇಳುತ್ತದೆ. ಆ ಬಾಗಿಲಿಗೂ 2024ರ ನಿಯಮಗಳು ಶುಲ್ಕದ ಚಿಲಕ ಹಾಕಿವೆ. ಕಂಪನಿಗೆ ಅದು ಚಿಲ್ಲರೆ ಕಾಸು, ಕೂಲಿಯವನಿಗೆ ಅಡ್ಡಗೋಡೆ. ಕರ್ನಾಟಕದವರ ಅರ್ಜಿಯ ಕಚೇರಿ ಇರುವುದೂ ದೂರದ ಚೆನ್ನೈಯಲ್ಲಿ.

ಈ ಶುಲ್ಕ ರದ್ದಾಗಲಿ. ಬೆವರಿನಿಂದ ಬಂದ ತಿಳಿವನ್ನು ಇಜಾರೆಗೆ ಬಿಡಲು ನಾವು ಒಪ್ಪೆವು!