ಕೋವಿಗೂ ಶ್ರುತಿ ಬೇಕು

ಮಹಾನವಮಿಯ ದಿನ ನಮ್ಮ ಮನೆಗಳಲ್ಲಿ ಆಯುಧಪೂಜೆ ನಡೆಯುವುದಷ್ಟೆ. ದೂರದ ದೆಹಲಿಗೆ ಬಂದು ನೆಲಸಿದ ಮೇಲೂ ನಮ್ಮ ಹಿರಿಯರು ಈ ಸಂಪ್ರದಾಯವನ್ನು ಕೈಬಿಟ್ಟಿಲ್ಲ. ಕೊಡಗಿನವರಂತೂ ಕೈಲು ಮುಹೂರ್ತದಂದು ಕೋವಿಯನ್ನು ಶುಚಿಗೊಳಿಸಿ ಪೂಜಿಸಿ, ಬಳಿಕ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯವನ್ನೇ ಏರ್ಪಡಿಸುತ್ತಾರೆ. ಆಯುಧಕ್ಕೆ ಅರಿಶಿನ ಕುಂಕುಮ ಒಂದು ದಿನ ಸಾಕು. ಆರೈಕೆ ಮಾತ್ರ ವರ್ಷವಿಡೀ ಬೇಕು. ಈ ಮಾತನ್ನು ನಾನು ಕಲಿತದ್ದು ಒಂದು ಅಗ್ಗದ ಗಾಳಿಕೋವಿಯಿಂದ.

2008ರಲ್ಲಿ ಬೀಜಿಂಗ್ ನಗರದಲ್ಲಿ ಅಭಿನವ್ ಬಿಂದ್ರಾ ಅವರು ಹತ್ತು ಮೀಟರ್ ಏರ್ ರೈಫಲ್ ಸ್ಪರ್ಧೆಯನ್ನು ಗೆದ್ದು, ಒಲಿಂಪಿಕ್ಸಿನಲ್ಲಿ ವೈಯಕ್ತಿಕ ಸ್ವರ್ಣಪದಕ ಪಡೆದ ಪ್ರಥಮ ಭಾರತೀಯರೆನಿಸಿದರು. 2013ರಲ್ಲಿ ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ ಅವರು ಕೊರಿಯ ದೇಶದ ಚಾಂಗ್ವಾನ್ ವಿಶ್ವಕಪ್ಪಿನಲ್ಲಿ ಏರ್ ಪಿಸ್ತೂಲಿಗೆ ಕಂಚಿನ ಪದಕ ತಂದರು. 2024ರಲ್ಲಿ ಪ್ಯಾರಿಸ್ಸಿನಲ್ಲಿ ಎರಡು ಕಂಚುಗಳನ್ನು ಗಳಿಸಿದ ಮನು ಭಾಕರ್ ಅವರಂತೂ ನಮ್ಮ ನೆರೆಯ ಝಜ್ಜರ್ ಜಿಲ್ಲೆಯವರು. ಇಂತಹ ವಾರ್ತೆ ಬಂದಾಗಲೆಲ್ಲ ನಮ್ಮಲ್ಲಿ ಹಲವರಿಗೆ ಗುರಿಕಾರರಾಗುವ ಆಸೆ ಚಿಗುರುತ್ತದೆ. ಲಕ್ಷಗಟ್ಟಲೆ ಬೆಲೆಯ ವಿದೇಶೀ ರೈಫಲಿನ ಮಾತು ಕಿವಿಗೆ ಬಿದ್ದೊಡನೆಯೇ ಆ ಚಿಗುರು ಬಾಡುತ್ತದೆ.

ನನಗೂ ನನ್ನ ಸಹಪಾಠಿಯೊಬ್ಬನಿಗೂ ಸೇರಿ ಒಂದೇ ಕೋವಿಯಿತ್ತು. ಕೆಲವು ಸಾವಿರ ರೂಪಾಯಿಗಳಿಗೆ ದೊರೆಯುವ, ಸ್ಪ್ರಿಂಗಿನ ಬಲದಿಂದ ನಡೆಯುವ ದೇಶೀ ರೈಫಲು ಅದು. ತಂದೆಯವರ ಎದುರಿನಲ್ಲಿ ಇಬ್ಬರೂ ಸರದಿಯ ಮೇಲೆ ಅಭ್ಯಾಸ ಮಾಡುತ್ತಿದ್ದೆವು. ಅವನ ಕೈ ನನ್ನ ಕೈಗಿಂತ ಸ್ಥಿರವಾದುದು. ಹತ್ತು ಮೀಟರಿನಿಂದ ಅವನು ಹೊಡೆದ ಐದು ಗುಂಡುಗಳ ಗುರುತು ಒಂದು ನಾಣ್ಯದಡಿಯಲ್ಲಿ ಅಡಗುತ್ತಿತ್ತು. ಇನ್ನೂ ಚೆನ್ನಾಗಲೆಂಬ ದುರಾಸೆಯಿಂದ ಕೋವಿಯನ್ನು ಒಂದು ಅಂಗಡಿಗೆ ಕೊಟ್ಟೆವು. ಅಂಗಡಿಯಾತ ಹೆಚ್ಚು ಬಿರುಸಾದ ಸ್ಪ್ರಿಂಗೊಂದನ್ನು ತುರುಕಿ, “ಈಗ ನೋಡಿ ಇದರ ಜೋರು” ಎಂದು ಹೆಮ್ಮೆಪಟ್ಟ. ಜೋರೇನೋ ಬಂತು. ಆದರೆ ನಾಣ್ಯದಡಿ ಅಡಗುತ್ತಿದ್ದ ಗುರುತುಗಳು ಅಂಗೈಯಗಲಕ್ಕೆ ಚೆದರಿದವು. ತಪ್ಪು ತನ್ನ ಕೈಯದೇ ಎಂದು ಭಾವಿಸಿದ ನನ್ನ ಮಿತ್ರ ಎರಡು ತಿಂಗಳಲ್ಲಿ ಅಭ್ಯಾಸವನ್ನೇ ತೊರೆದನು. ಈ ಲೇಖನವನ್ನು ಬರೆಯಲು ಅದೇ ಕಾರಣ.

ತಂಬೂರಿಯನ್ನು ಶ್ರುತಿಗೊಳಿಸುವುದನ್ನು ನೀವೆಲ್ಲ ನೋಡಿದ್ದೀರಿ. ತಂತಿಯನ್ನು ಬಿಗಿದಷ್ಟೂ ಇಂಪು ಹೆಚ್ಚುವುದಿಲ್ಲ, ತಂತಿ ಹರಿಯುತ್ತದೆ. ಮೀಟಿದಾಗಲೆಲ್ಲ ಅದೇ ಸ್ವರ ಬರಬೇಕೆಂಬುದೇ ಶ್ರುತಿಯ ಉದ್ದೇಶ. ಗುರಿಸ್ಪರ್ಧೆಯ ಕೋವಿಯೂ ಹಾಗೆಯೇ. ಅದರಿಂದ ನಾವು ಬಯಸತಕ್ಕದ್ದು ಬಲವನ್ನಲ್ಲ, ಏಕರೂಪತೆಯನ್ನು. ಪಂದ್ಯದ ಗುರಿಕಾಗದದಲ್ಲಿ ಹತ್ತು ಅಂಕಗಳ ಬಿಂದುವಿನ ವ್ಯಾಸ ಕೇವಲ ಅರ್ಧ ಮಿಲಿಮೀಟರು. ನಮ್ಮ ಗುಂಡಿನ ವ್ಯಾಸವಾದರೋ ನಾಲ್ಕೂವರೆ ಮಿಲಿಮೀಟರು. ಹತ್ತು ಮೀಟರ್ ದೂರದ ಕಾಗದವನ್ನು ತೂರಲು ಸೆಕೆಂಡಿಗೆ 170 ಮೀಟರಿನಷ್ಟು ವೇಗ ಧಾರಾಳವಾಗಿ ಸಾಕು. ಅರ್ಧ ಗ್ರಾಂ ತೂಕದ ಗುಂಡಿಗೆ ಆಗ ಬರುವ ಶಕ್ತಿ 8 ಜೌಲಿಗೂ ಕಡಿಮೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 20 ಜೌಲ್ ಮೀರಿದ ಗಾಳಿಕೋವಿಗೆ ಪರವಾನಗಿ ಬೇಕು. ಬಲದ ಹಿಂದೆ ಬಿದ್ದವನು ಗುರಿಯನ್ನೂ ಕಳೆದುಕೊಳ್ಳುವನು, ಕಾನೂನಿನ ಗೆರೆಯನ್ನೂ ದಾಟುವನು.

ಬಿರುಸಾದ ಸ್ಪ್ರಿಂಗು ಗುರಿಯನ್ನು ಕೆಡಿಸುವುದೇಕೆ? ಸೈಕಲ್ಲಿನ ಪಂಪನ್ನು ನೆನೆದುಕೊಳ್ಳಿ. ಕುದುರೆಯನ್ನು, ಎಂದರೆ ಟ್ರಿಗರನ್ನು, ಒತ್ತಿದೊಡನೆ ಸ್ಪ್ರಿಂಗು ಪಿಸ್ಟನ್ನನ್ನು ಮುಂದಕ್ಕೆ ದೂಡುತ್ತದೆ. ಪಿಸ್ಟನ್ ಗಾಳಿಯನ್ನು ಒತ್ತುತ್ತದೆ. ಆ ಗಾಳಿ ಗುಂಡನ್ನು ನೂಕುತ್ತದೆ. ಭಾರವಾದ ಪಿಸ್ಟನ್ ಮುಂದೆ ಧಾವಿಸುವಾಗ ಕೋವಿ ಹಿಂದಕ್ಕೆ ಸರಿಯುವುದು, ಅದು ತಡೆದು ನಿಂತಾಗ ಮುಂದಕ್ಕೆ ಜಗ್ಗುವುದು. ಗುಂಡು ನಳಿಗೆಯ ಬಾಯಿ ದಾಟುವ ಮೊದಲೇ ಈ ಅಲುಗಾಟ ಆರಂಭವಾಗಿಬಿಟ್ಟಿರುತ್ತದೆ. ಸ್ಪ್ರಿಂಗಿನ ಬಿರುಸು ಹೆಚ್ಚಿದಷ್ಟೂ ಅಲುಗಾಟವೂ ಹೆಚ್ಚು. ಹಿಂದಿನ ತಲೆಮಾರಿನಲ್ಲಿ ವಿಶ್ವಮಟ್ಟದ ಸ್ಪರ್ಧಿಗಳು ಹಿಡಿಯುತ್ತಿದ್ದ ಜರ್ಮನಿಯ ಫೈನ್‌ವೆರ್ಕ್‌ಬೌ 300 ಕೂಡ ಸ್ಪ್ರಿಂಗಿನ ಕೋವಿಯೇ. ಅದನ್ನು ರೂಪಿಸಿದವರು ಅದರ ಯಂತ್ರಭಾಗವು ಹಿಡಿಯ ಮೇಲೆ ಹಳಿಯ ಮೇಲಿನಂತೆ ಜಾರುವಂತೆ ಮಾಡಿ, ಜಗ್ಗಾಟವು ಹೊಡೆಯುವವನಿಗೆ ತಟ್ಟದಂತೆ ನೋಡಿಕೊಂಡರು.

ನಮ್ಮ ಅಗ್ಗದ ಕೋವಿಯಲ್ಲಿ ಅಂತಹ ಏರ್ಪಾಡಿಲ್ಲ; ಆದರೆ ಅಲುಗಾಟವನ್ನು ಪ್ರತಿ ಸಲವೂ ಒಂದೇ ತೆರನಾಗಿಸಬಹುದು. ಮರದ ಹಿಡಿಯ ತಿರುಪುಗಳು ಸಡಿಲವಾಗದಂತೆ ದಿನವೂ ಪರೀಕ್ಷಿಸಬೇಕು. ಚೆದರಾಟದ ಅರ್ಧ ರೋಗ ಅಲ್ಲಿಯೇ ಇರುತ್ತದೆ. ನಳಿಗೆ ಮಡಿಚುವೆಡೆಯ ವಾಷರು ಸವೆದಿದ್ದರೆ ಗಾಳಿ ಸೋರುವುದು, ಅದನ್ನು ಬದಲಾಯಿಸಬೇಕು. ಬಾಗಿದ ಸ್ಪ್ರಿಂಗನ್ನು ತೆಗೆದು ಅದೇ ಅಳತೆಯ ನೇರವಾದುದನ್ನು ಹಾಕಿಸಿ, ಒಳಗಿನ ಆಧಾರದ ಕಂಬಿ ಅದಕ್ಕೆ ಸರಿಹೊಂದುವಂತೆ ಮಾಡಿಸಿದರೆ ಕಂಪನ ಅಡಗುವುದು. ಹಳೆಯ ಗ್ರೀಸನ್ನು ಒರಸಿ ತೆಳುವಾಗಿ ಹೊಸದನ್ನು ಸವರಬೇಕು. ದೆಹಲಿಯ ಜನವರಿಯ ಚಳಿಗೆ ಗ್ರೀಸು ಗಟ್ಟಿಯಾಗುವುದು, ಮೇ ತಿಂಗಳ ಬಿಸಿಲಿಗೆ ನೀರಾಗುವುದು. ಆದುದರಿಂದ ಋತು ಬದಲಾದಾಗ ಸೈಟನ್ನು ಮತ್ತೆ ಸರಿಪಡಿಸಿಕೊಳ್ಳತಕ್ಕದ್ದು. ಗಾಳಿ ಒತ್ತುವ ಕೊಳವೆಗೆ ಎಣ್ಣೆ ಸುರಿಯಲೇಬಾರದು; ಒತ್ತಡದ ಬಿಸಿಗೆ ಅದು ಹೊತ್ತಿಕೊಂಡು ಒಂದೊಂದು ಗುಂಡಿಗೆ ಒಂದೊಂದು ವೇಗ ಬರುತ್ತದೆ. ಗುಂಡುಗಳೂ ಒಂದೇ ತಯಾರಿಕೆಯವಾಗಿರಲಿ. ಕೊನೆಯದಾಗಿ, ಕೋವಿಯನ್ನು ಬಿಗಿಯಾಗಿ ಅಪ್ಪದೆ, ಪ್ರತಿ ಸಲವೂ ಅದೇ ಜಾಗದಲ್ಲಿ ಹಗುರವಾಗಿ ಹಿಡಿಯಬೇಕು. ಕೋವಿಯ ಶ್ರುತಿ ಹಿಡಿದವನ ಶ್ರುತಿಯೊಡನೆ ಕೂಡಬೇಕು.

ಒಳಗನ್ನು ಬಿಚ್ಚುವ ಕೆಲಸಕ್ಕೆ ಮಾತ್ರ ಯಾವ ವಿದ್ಯಾರ್ಥಿಯೂ ಕೈಹಾಕಬಾರದು. ಒತ್ತಿಟ್ಟ ಸ್ಪ್ರಿಂಗು ಹಾರಿ ಬೆರಳನ್ನೋ ಕಣ್ಣನ್ನೋ ಕಳೆಯಬಲ್ಲುದು. ಅದಕ್ಕೆ ಬಲ್ಲ ಕುಶಲಕರ್ಮಿಯೇ ಬೇಕು. ನಮ್ಮ ಪಾಲಿನ ಕೆಲಸ ಆತನಿಗೆ ಏನು ಬೇಕು, ಏನು ಬೇಡ ಎಂಬುದನ್ನು ತಿಳಿದು ಹೇಳುವುದು. ನಾವು ಅಂದು ತಪ್ಪಿದ್ದು ಅಲ್ಲಿಯೇ.

ಅಗ್ಗದ ಕೋವಿಯಿಂದ ಒಲಿಂಪಿಕ್ಸ್ ಗೆಲ್ಲಬಹುದೆಂದು ನಾನು ವಾದಿಸುತ್ತಿಲ್ಲ. ಅರವತ್ತು ಗುಂಡುಗಳನ್ನು ದಶಮಾಂಶದಲ್ಲಿ ಎಣಿಸುವ ಇಂದಿನ ದೊಡ್ಡ ಪಂದ್ಯಗಳಲ್ಲಿ, ಮೊದಲೇ ತುಂಬಿಟ್ಟ ಗಾಳಿಯಿಂದ ನಡೆಯುವ ರೈಫಲುಗಳೆದುರು ನಮ್ಮದು ನಿಲ್ಲಲಾರದು. ಆದರೆ ಮೊದಲ ಎರಡು ವರ್ಷಗಳಲ್ಲಿ ಕಲಿಯಬೇಕಾದ ನಿಲುವು, ಉಸಿರು, ಕುದುರೆಯ ಮೇಲಿನ ಬೆರಳಿನ ಹದ, ಇವನ್ನೆಲ್ಲ ಅದು ಕಲಿಸಬಲ್ಲುದು. ಗುಂಡು ನಳಿಗೆ ಬಿಡುವವರೆಗೂ ಅಲುಗದೆ ನಿಲ್ಲುವ ಪಾಠವನ್ನಂತೂ ಅದು ದುಬಾರಿ ಕೋವಿಗಿಂತ ಕಟ್ಟುನಿಟ್ಟಾಗಿ ಕಲಿಸುತ್ತದೆ.

ಆದಕಾರಣ ಶಾಲೆಯ ಹಿರಿಯರಲ್ಲಿ ನನ್ನದೊಂದು ನಮ್ರ ವಿಜ್ಞಾಪನೆ. ಹೀಗೆ ಶ್ರುತಿಗೊಳಿಸಿದ ಎರಡು ರೈಫಲುಗಳನ್ನು ಶಾಲೆಯೇ ಬೀಗಮುದ್ರೆಯಲ್ಲಿ ಇರಿಸಲಿ. ಅಧ್ಯಾಪಕರೊಬ್ಬರ ಕಣ್ಣೆದುರಿನಲ್ಲಿ, ಕಣ್ಣಿಗೆ ರಕ್ಷಣೆಯ ಕನ್ನಡಕವಿಟ್ಟು, ವಾರಕ್ಕೊಂದು ದಿನ ಅಭ್ಯಾಸ ನಡೆಯಲಿ. 1982ರ ಏಷ್ಯನ್ ಕ್ರೀಡೆಗಳಿಗಾಗಿ ಕಟ್ಟಿದ ತುಘಲಕಾಬಾದಿನ ಕರ್ಣಿ ಸಿಂಗ್ ಗುರಿಕ್ಷೇತ್ರ ಇದೇ ನಗರದಲ್ಲಿದೆ. ಅಲ್ಲಿಗೆ ಹೋಗುವ ಮೊದಲ ಮೆಟ್ಟಿಲು ನಮ್ಮ ಶಾಲೆಯಲ್ಲಿಯೇ ಇರಲಿ. ಕೈ ಸ್ಥಿರವಾಗಿದ್ದು ಕಿಸೆ ಬರಿದಾಗಿರುವ ಮಕ್ಕಳು ನಮ್ಮಲ್ಲಿ ಇನ್ನೂ ಎಷ್ಟು ಮಂದಿಯೋ.

ನಮ್ಮ ಹಳೆಯ ಕೋವಿಗೆ ಈಗ ಮೊದಲಿನ ಅಳತೆಯ ಸ್ಪ್ರಿಂಗನ್ನೇ ಮತ್ತೆ ಹಾಕಿಸಿದ್ದೇನೆ. ಗುರುತುಗಳು ಮತ್ತೆ ಒತ್ತಾಗಿ ಬೀಳುತ್ತಿವೆ. ಈ ಸಂಚಿಕೆಯನ್ನು ನನ್ನ ಮಿತ್ರನೂ ಓದುವನು. ಓದಿದ ಮೇಲಾದರೂ, ತಪ್ಪು ತನ್ನ ಕೈಯದಾಗಿರಲಿಲ್ಲವೆಂದು ತಿಳಿದು, ಅವನು ಒಂದು ಭಾನುವಾರ ಬಂದು ತನ್ನ ಸರದಿಯನ್ನು ತೆಗೆದುಕೊಳ್ಳಲಿ.