ಹಳೆಯ ಮರಕ್ಕೆ ಅದರದೇ ಬಣ್ಣವಿರಲಿ

ಮಲೆನಾಡಿನ ಹಳೆಯ ಮನೆಗಳಲ್ಲಿ ಬೀಟೆಯ ಮಂಚ, ಹಲಸಿನ ಪೆಟ್ಟಿಗೆಗಳ ಹೊಳಪು ಮಾಸಿತೆಂದರೆ ಜನರಿಗೆ ತೋಚುವುದು ಎರಡೇ ದಾರಿ: ವ್ಯಾಪಾರಿಗೆ ಮಾರುವುದು, ಇಲ್ಲವೇ ಯಂತ್ರದಿಂದ ಉಜ್ಜಿಸಿ ಗಾಢ ಬಣ್ಣ ಬಳಿಸುವುದು. ಎರಡೂ ನಷ್ಟವೇ. ಹಲಸಿನ ಚೇಗು ಕೊಯ್ದಾಗ ಹಳದಿ; ಗಾಳಿ ಬೆಳಕಿಗೆ ಮಾಗಿ ವರ್ಷಗಳು ಕಳೆದಂತೆ ಕಂದಾಗುತ್ತದೆ. ಆ ಮಾಗಿದ ಬಣ್ಣವಿರುವುದು ಮೇಲ್ಪದರದಲ್ಲಿ. ಯಂತ್ರ ಅದನ್ನು ನಿಮಿಷಗಳಲ್ಲಿ ಅಳಿಸುತ್ತದೆ; ಗಾಢ ಬಣ್ಣದ ಅಡಿಯಲ್ಲಿ ಹಲಸೂ ಬೀಟೆಯೂ ಒಂದೇ ಆಗಿಬಿಡುತ್ತವೆ.

ಮೂರನೆಯ ದಾರಿಯೊಂದಿದೆ. ಮೊದಲು ಹಿಂಡಿದ ಒದ್ದೆ ಬಟ್ಟೆಯಿಂದ ಕೊಳೆ ಒರೆಸಿ ಒಣಗಿಸಬೇಕು. ಬಳಿಕ ಕಣ್ಣಿಗೆ ಬೀಳದ ಮೂಲೆಯಲ್ಲಿ ತುಸು ಸ್ಪಿರಿಟ್ ತಾಗಿಸಬೇಕು. ಹಳೆಯ ಲೇಪ ಅಂಟಂಟಾದರೆ ಅದು ಅರಗಿನ ಪಾಲಿಶ್. ಅದನ್ನು ಕೆರೆದು ತೆಗೆಯಬೇಕಿಲ್ಲ. ಸ್ಪಿರಿಟ್‌ನಲ್ಲಿ ಕರಗಿಸಿದ ತಿಳಿ ಅರಗನ್ನು ತೆಳುವಾಗಿ ಸವರಿದರೆ ಹಳೆಯದರೊಡನೆ ಬೆರೆತು ಹೊಳಪು ಮರಳುತ್ತದೆ. ಸ್ಪಿರಿಟ್ ಇರುವಲ್ಲಿ ಬೆಂಕಿ ಮಾತ್ರ ಸುಳಿಯಬಾರದು.

ನಿಧಾನವಾಗಿ ಬೆಳೆಯುವ ಬೀಟೆಯ ಅಂತಾರಾಷ್ಟ್ರೀಯ ವ್ಯಾಪಾರ 2017ರಿಂದ ಸೈಟಿಸ್ ಒಪ್ಪಂದದ ನಿಯಂತ್ರಣದಲ್ಲಿದೆ. ಅಜ್ಜನ ಕಾಲದ ಮಂಚ ಮೊಮ್ಮಗನ ಕಾಲಕ್ಕೂ ಬಾಳಿದರೆ, ಹೊಸದಕ್ಕಾಗಿ ಇನ್ನೊಂದು ಮರ ಉರುಳಬೇಕಿಲ್ಲ. ಉಜ್ಜುವ ಯಂತ್ರ ಅಂಗಳಕ್ಕೆ ಬರುವ ಮುನ್ನ ಪ್ರತಿ ಮನೆಯೂ ಇದನ್ನು ಯೋಚಿಸಲಿ.