ಪರಮತೀಯನ ಕುಂಚದಲ್ಲಿ ಮಠ

ಮಠದ ಪ್ರಶಾಂತಿಯನ್ನು ಅರಿಯಲು ಅದರ ಮತಕ್ಕೇ ಸೇರಿರಬೇಕೆಂಬ ವಾದವು ನಿಲ್ಲತಕ್ಕದ್ದಲ್ಲ. ರಷ್ಯಾದ ಚಿತ್ರಕಾರ ಐಸಾಕ್ ಲೆವಿತಾನನೇ (1860–1900) ಇದಕ್ಕೆ ಸಾಕ್ಷಿ. ಆತನು 1890ರಲ್ಲಿ ರಚಿಸಿದ ‘ಪ್ರಶಾಂತ ಮಠ’ವೆಂಬ ಚಿತ್ರದಲ್ಲಿ ನಿಶ್ಚಲವಾದ ನದಿ, ಅದರ ಮೇಲೊಂದು ಮರದ ಕಾಲುಸೇತುವೆ, ಆಚೆಯ ದಡದ ಮರಗಳ ನಡುವೆ ಕ್ರೈಸ್ತ ಮಠದ ಗೋಪುರಗಳು, ನೀರಿನಲ್ಲಿ ಅವುಗಳ ಪ್ರತಿಬಿಂಬ. ಸೇತುವೆಯ ಮೇಲೆ ಯಾರೂ ಇಲ್ಲ, ನೋಡುವವನೇ ಯಾತ್ರಿಕನು. ಇದನ್ನು ಬರೆದವನಾದರೋ ಯೆಹೂದ್ಯನು. 1892ರಲ್ಲಿ ಅದೇ ಭಾವದ ‘ಸಂಜೆಯ ಘಂಟಾನಾದ’ವನ್ನೂ ರಚಿಸಿದನು. ಅದೇ ವರ್ಷ, ಯೆಹೂದ್ಯನೆಂಬ ಒಂದೇ ಕಾರಣಕ್ಕಾಗಿ ಆತನು ಮಾಸ್ಕೋ ನಗರವನ್ನು ತೊರೆಯಬೇಕಾಯಿತು. ಮಿತ್ರರ ಪ್ರಯತ್ನದಿಂದ ಮರಳಿದನು. ಇಂದು ಎರಡು ಚಿತ್ರಗಳೂ ಅದೇ ನಗರದ ತ್ರೆತ್ಯಾಕೊವ್ ಚಿತ್ರಶಾಲೆಯಲ್ಲಿವೆ. ಯಾರನ್ನು ಹೊರಗಟ್ಟಿತೋ ಅವನ ಕಣ್ಣಿನಿಂದಲೇ ಆ ನಗರವು ತನ್ನ ನಾಡಿನ ಮಠಗಳನ್ನು ಕಾಣುತ್ತಿದೆ.